ಸ್ವೀಕರಿಸಿದೆ ಎಂದರೆ ಮುಗಿಯಿತೆಂದಲ್ಲ

ನಮ್ಮ ಅತ್ತಿಗೆಯವರು ಲೆಕ್ಕಾಚಾರದಲ್ಲಿ ಬಹಳ ಕಟ್ಟುನಿಟ್ಟು. ಹಾಲಿನವನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಟ್ಟು, ತಿಂಗಳ ಕೊನೆಯಲ್ಲಿ ಅರ್ಧ ಲೀಟರಿಗೂ ಜವಾಬು ಕೇಳುವವರು. ಅಂಥವರು ಕಳೆದ ಜೂನ್ ತಿಂಗಳಲ್ಲಿ ಮೊಮ್ಮಗಳ ಶಾಲೆಯ ಶುಲ್ಕವನ್ನು ಎರಡು ಸಲ ಕಟ್ಟಿ ಕುಳಿತರು.

ನಡೆದುದಿಷ್ಟೇ. ಮೊಬೈಲ್ ಫೋನಿನಲ್ಲಿ ಶಾಲೆಯ ಪುಟವನ್ನು ತೆರೆದು, ‘ಪಾವತಿಸಿ’ ಎಂಬ ಗುಂಡಿಯನ್ನು ಒತ್ತಿ, ಗುಪ್ತಸಂಖ್ಯೆಯನ್ನೂ ಕೊಟ್ಟರು. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಅರ್ಧ ನಿಮಿಷವಾಯಿತು, ಒಂದು ನಿಮಿಷವಾಯಿತು. ಚಕ್ರ ತಿರುಗುತ್ತಲೇ ಇತ್ತು. ಆಯಿತೆಂದೂ ಇಲ್ಲ, ಆಗಲಿಲ್ಲವೆಂದೂ ಇಲ್ಲ. ಶುಲ್ಕ ಕಟ್ಟಲು ಅಂದೇ ಕೊನೆಯ ದಿನ. ದಂಡ ತೆರಬೇಕಾದೀತೆಂಬ ಆತಂಕದಿಂದ ಅವರು ಪುಟವನ್ನು ಮುಚ್ಚಿ, ಮತ್ತೆ ತೆರೆದು, ಮತ್ತೊಮ್ಮೆ ಒತ್ತಿದರು. ಹತ್ತು ನಿಮಿಷಗಳ ಅನಂತರ ಬ್ಯಾಂಕಿನಿಂದ ಎರಡು ಸಂದೇಶಗಳು ಬಂದವು: 18,500 ರೂಪಾಯಿ ಒಮ್ಮೆ, 18,500 ರೂಪಾಯಿ ಇನ್ನೊಮ್ಮೆ. ನಿವೃತ್ತಿವೇತನದ ಮೇಲೆ ನಡೆಯುವ ಮನೆ ಅದು. ಅಣ್ಣನವರ ಔಷಧಕ್ಕೆಂದು ತೆಗೆದಿರಿಸಿದ್ದ ಹಣವೂ ಅದರೊಡನೆ ಹೋಯಿತು. ಹೆಚ್ಚಿಗೆ ಹೋದ ಹಣ ಕೈಸೇರುವ ವೇಳೆಗೆ ಎರಡು ಅರ್ಜಿಗಳೂ ಹತ್ತೊಂಬತ್ತು ದಿನಗಳೂ ಕಳೆದಿದ್ದವು.

ಆ ಭಾನುವಾರ ನಾನು ಅವರ ಮನೆಗೆ ಹೋದಾಗ ಇದೇ ಚರ್ಚೆ. ಅತ್ತಿಗೆಯವರ ಮಗ ಸಾಫ್ಟ್‌ವೇರ್ ಇಂಜಿನಿಯರ್. ತಾಯಿಯ ಕೋಪವೆಲ್ಲ ಅವನ ಮೇಲೆ.

“ಒಂದು ಗುಂಡಿ ಒತ್ತಿದರೆ ಒಂದು ಕೆಲಸವಾಗಬೇಕು. ಆಗಲಿಲ್ಲವಾದರೆ ಆಗಲಿಲ್ಲವೆಂದು ಹೇಳಬೇಕು. ಇಷ್ಟೂ ತಿಳಿಯದೆ ನೀವೆಲ್ಲ ಏನು ಓದಿದ್ದೀರೋ!”

“ಅಮ್ಮಾ, ನೀನು ಒತ್ತಿದ್ದು ಒಂದು ಗುಂಡಿ ನಿಜ. ಆದರೆ ಅದರ ಹಿಂದೆ ಇರುವುದು ಒಂದು ಕೆಲಸವಲ್ಲ, ಹತ್ತು ಕೆಲಸ. ಹತ್ತೂ ಬೇರೆ ಬೇರೆ ಕಡೆ ನಡೆಯುತ್ತವೆ.”

“ಹತ್ತಾದರೂ ಆಗಲಿ, ನೂರಾದರೂ ಆಗಲಿ. ನನಗೆ ಉತ್ತರ ಹೇಳುವವರು ಒಬ್ಬರು ಇರಬೇಡವೇನೋ?”

ಹುಡುಗ ನನ್ನ ಮುಖ ನೋಡಿದ. “ಚಿಕ್ಕಪ್ಪ, ಅಮ್ಮ ಕೇಳುತ್ತಿರುವುದನ್ನೇ ನಮ್ಮ ಆಫೀಸಿನಲ್ಲಿ ವರ್ಷದಿಂದ ಕಟ್ಟುತ್ತಿದ್ದೇವೆ” ಎಂದ. ಅಂದು ಮಧ್ಯಾಹ್ನ ಊಟವಾದ ಮೇಲೆ ಅವನು ವಿವರಿಸಿದ್ದನ್ನು, ಆಮೇಲೆ ನಾನೇ ಓದಿ ತಿಳಿದುಕೊಂಡದ್ದರೊಡನೆ ಸೇರಿಸಿ, ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಪರದೆಯ ಮುಂದೆ ಕಾದು ಕುಳಿತು ಬೇಸತ್ತವರು ಅತ್ತಿಗೆಯವರೊಬ್ಬರೇ ಅಲ್ಲವಷ್ಟೆ.

ಹಿಂದೆ ಒಂದು ವ್ಯವಹಾರಕ್ಕೆ ಬೇಕಾದ ಲೆಕ್ಕ, ರಸೀದಿ, ದಾಸ್ತಾನು, ಗಿರಾಕಿಗಳ ಪಟ್ಟಿ ಎಲ್ಲವನ್ನೂ ಒಂದೇ ದೊಡ್ಡ ಪ್ರೋಗ್ರಾಮು ನೋಡಿಕೊಳ್ಳುತ್ತಿತ್ತು. ಅವಿಭಕ್ತ ಕುಟುಂಬದಂತೆ, ಒಂದೇ ಒಲೆ, ಒಂದೇ ಉಗ್ರಾಣ. ಇದರಲ್ಲಿ ಅನುಕೂಲವಿತ್ತು, ಅಪಾಯವೂ ಇತ್ತು. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ ಚಲನಚಿತ್ರಗಳ ಡಿವಿಡಿಗಳನ್ನು ಅಂಚೆಯ ಮೂಲಕ ಮನೆಮನೆಗೆ ಕಳಿಸುತ್ತಿದ್ದ ಕಾಲದಲ್ಲಿ, 2008ರ ಆಗಸ್ಟಿನಲ್ಲಿ, ಅದರ ಮುಖ್ಯ ದತ್ತಾಂಶ ಭಂಡಾರ ಕೆಟ್ಟುಹೋಯಿತು. ಮೂರು ದಿನಗಳವರೆಗೆ ಒಂದು ಡಿವಿಡಿಯನ್ನೂ ಕಳಿಸಲಾಗಲಿಲ್ಲ. ಉಗ್ರಾಣಕ್ಕೆ ಬೀಗ ಬಿದ್ದರೆ ಇಡೀ ಮನೆಗೆ ಉಪವಾಸ ಎನ್ನುವಂತಾಯಿತು. ಆ ಪೆಟ್ಟಿನಿಂದ ಪಾಠ ಕಲಿತ ಸಂಸ್ಥೆಯವರು ತಮ್ಮ ದೊಡ್ಡ ಪ್ರೋಗ್ರಾಮನ್ನು ನೂರಾರು ಚಿಕ್ಕ ಪ್ರೋಗ್ರಾಮುಗಳಾಗಿ ಒಡೆದು, ಬಾಡಿಗೆಯ ಗಣಕಯಂತ್ರಗಳ ಮೇಲೆ ಹೊಸದಾಗಿ ಕಟ್ಟತೊಡಗಿದರು. ಆ ಕೆಲಸ ಪೂರ್ಣವಾದುದು 2016ರ ಜನವರಿಯಲ್ಲಿ. ಏಳು ವರ್ಷಗಳ ಶ್ರಮ.

ಇಂತಹ ಚಿಕ್ಕ ಪ್ರೋಗ್ರಾಮುಗಳಿಗೆ ಮೈಕ್ರೋಸರ್ವೀಸ್ ಎಂದು ಹೆಸರು. ನಾವು ಕಿರುಸೇವೆ ಎನ್ನೋಣ. ಶಾಲೆಯ ಶುಲ್ಕದ ವಿಷಯದಲ್ಲಿ ಹೇಳುವುದಾದರೆ, ವಿದ್ಯಾರ್ಥಿಯ ಗುರುತನ್ನು ಪರೀಕ್ಷಿಸುವುದು ಒಂದು ಸೇವೆ, ಬಾಕಿ ಎಷ್ಟೆಂದು ಹೇಳುವುದು ಮತ್ತೊಂದು, ಬ್ಯಾಂಕಿನೊಡನೆ ಮಾತಾಡುವುದು ಮೂರನೆಯದು, ರಸೀದಿ ಬರೆಯುವುದು ನಾಲ್ಕನೆಯದು, ತಂದೆತಾಯಿಗಳಿಗೆ ಸಂದೇಶ ಕಳಿಸುವುದು ಐದನೆಯದು. ಒಂದು ಕೆಟ್ಟರೆ ಉಳಿದವು ನಡೆಯುತ್ತಿರಬಹುದು. ಒಂದನ್ನು ದುರಸ್ತಿ ಮಾಡಲು ಉಳಿದವನ್ನು ನಿಲ್ಲಿಸಬೇಕಾಗಿಲ್ಲ.

ಆದರೆ ಅತ್ತಿಗೆಯವರ ಕೈಯಲ್ಲಿರುವ ಫೋನಿಗೆ ಈ ಐದು ಮನೆಗಳ ವಿಳಾಸ ಹೇಗೆ ತಿಳಿಯಬೇಕು? ನಾಳೆ ರಸೀದಿಯ ಸೇವೆಯನ್ನು ಎರಡಾಗಿ ಒಡೆದರೆ ಊರಿನ ಎಲ್ಲ ಫೋನುಗಳಿಗೂ ಹೋಗಿ ಹೇಳುವವರಾರು? ಆದಕಾರಣ ಕೇರಿಗೆಲ್ಲ ಒಂದು ಹೆಬ್ಬಾಗಿಲನ್ನು ಇಡುತ್ತಾರೆ. ಇದೇ ಗೇಟ್‌ವೇ. ಬಂದವರ ಗುರುತು ಕೇಳುವುದು, ಅವರನ್ನು ತಕ್ಕ ಮನೆಗೆ ಕಳಿಸುವುದು, ಒಬ್ಬರೇ ನೂರು ಸಲ ಬಾಗಿಲು ತಟ್ಟುತ್ತಿದ್ದರೆ ತಡೆಯುವುದು ಇದರ ಕೆಲಸ. ನೆಟ್‌ಫ್ಲಿಕ್ಸಿನವರು ತಮ್ಮ ಹೆಬ್ಬಾಗಿಲನ್ನು 2013ರಲ್ಲಿ ಎಲ್ಲರ ಉಪಯೋಗಕ್ಕೆಂದು ಬಹಿರಂಗಗೊಳಿಸಿದರು. ‘ಘೋಸ್ಟ್‌ಬಸ್ಟರ್ಸ್’ ಎಂಬ 1984ರ ಚಿತ್ರದಲ್ಲಿ ಬರುವ ದ್ವಾರಪಾಲಕ ಭೂತದ ಹೆಸರನ್ನೇ ಅದಕ್ಕಿಟ್ಟಿದ್ದರು: ಜೂಲ್.

ಇಲ್ಲಿಂದ ಮುಂದೆ ವಿಷಯ ಸ್ವಾರಸ್ಯವಾಗುತ್ತದೆ. ಬಾಗಿಲಿಟ್ಟರೆ ಸಾಲದು, ಬಾಗಿಲು ಕಾಯುವವನು ಹೇಗೆ ಕಾಯುತ್ತಾನೆಂಬುದೇ ಮುಖ್ಯ ಪ್ರಶ್ನೆ.

ಹೋಟೆಲಿನ ಮಾಣಿಯನ್ನು ನೆನೆಸಿಕೊಳ್ಳಿ. ಒಬ್ಬ ಮಾಣಿ ಒಂದು ಮೇಜಿನವರಿಂದ ಮಸಾಲೆದೋಸೆ ಕೇಳಿಕೊಂಡು ಅಡಿಗೆಮನೆಯ ಕಿಂಡಿಯ ಬಳಿಗೆ ಹೋಗಿ, ದೋಸೆ ಬೆಂದು ತಟ್ಟೆಗೆ ಬರುವವರೆಗೂ ಅಲ್ಲಿಯೇ ನಿಂತಿರುತ್ತಾನೆಂದು ಭಾವಿಸೋಣ. ಹತ್ತು ಮೇಜುಗಳಿಗೆ ಹತ್ತು ಮಾಣಿಗಳು ಬೇಕಾಗುತ್ತಾರೆ. ಹಳೆಯ ಗೇಟ್‌ವೇಗಳು ನಡೆಯುತ್ತಿದ್ದುದು ಹೀಗೆಯೇ. ಬಂದ ಪ್ರತಿಯೊಂದು ಕೋರಿಕೆಗೂ ಒಂದೊಂದು ‘ಥ್ರೆಡ್’, ಅಂದರೆ ಒಬ್ಬೊಬ್ಬ ಮಾಣಿ. ಅವನಿಗೆ ನಿಲ್ಲಲು ಜಾಗ ಬೇಕು. ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳಲ್ಲಿ ಅಂತಹ ಒಬ್ಬೊಬ್ಬನಿಗೂ ಸಾಮಾನ್ಯವಾಗಿ 1 ಮೆಗಾಬೈಟ್ ಜಾಗವನ್ನು ಕಾದಿರಿಸುವುದುಂಟು. 10,000 ಗಿರಾಕಿಗಳು ಒಮ್ಮೆಗೇ ಬಂದರೆ ಬರಿದೆ ನಿಲ್ಲುವವರಿಗಾಗಿಯೇ 10 ಗಿಗಾಬೈಟ್ ಜಾಗ ತೆಗೆದಿಡಬೇಕಾಗುತ್ತದೆ.

ಜಾಗಕ್ಕಿಂತಲೂ ದೊಡ್ಡ ತೊಂದರೆ ಬೇರೆಯೇ ಇದೆ. ದೋಸೆಯ ಕಾವಲಿ ಕೆಟ್ಟಿತೆನ್ನಿ. ದೋಸೆ ಕೇಳಿದವರ ಮಾಣಿಗಳೆಲ್ಲ ಆ ಕಿಂಡಿಯ ಮುಂದೆಯೇ ನಿಂತುಬಿಡುತ್ತಾರೆ. ಹೊಸದಾಗಿ ಬಂದವರಲ್ಲೂ ಕೆಲವರು ದೋಸೆ ಕೇಳುತ್ತಾರೆ. ಇನ್ನಷ್ಟು ಮಾಣಿಗಳು ಅಲ್ಲಿಗೆ ಹೋಗಿ ನಿಲ್ಲುತ್ತಾರೆ. ಕೊಂಚ ಹೊತ್ತಿನಲ್ಲಿ ಬರಿಯ ಕಾಫಿ ಕೇಳುವವನಿಗೂ ಮಾಣಿ ಸಿಗುವುದಿಲ್ಲ. ಕಾಫಿ ಮಾತ್ರ ಒಳಗೆ ಬಿಸಿಯಾಗಿ ಸಿದ್ಧವಾಗಿರುತ್ತದೆ! ಒಂದು ಕಿರುಸೇವೆ ನಿಧಾನವಾದರೆ ಇಡೀ ವ್ಯವಸ್ಥೆ ಕುಸಿಯುವುದು ಹೀಗೆಯೇ. ಯಾವ ಅಪಾಯವನ್ನು ತಪ್ಪಿಸಲು ಮನೆಯನ್ನು ಒಡೆದರೋ ಅದೇ ಅಪಾಯ ಹೆಬ್ಬಾಗಿಲಿನಿಂದ ಹಿಂದಕ್ಕೆ ಬರುತ್ತದೆ.

ಒಳ್ಳೆಯ ಮಾಣಿ ಹಾಗೆ ನಿಲ್ಲುವುದಿಲ್ಲ. “ಎರಡು ಮಸಾಲೆ!” ಎಂದು ಕಿಂಡಿಯಲ್ಲಿ ಕೂಗಿ ಮುಂದಿನ ಮೇಜಿಗೆ ಹೋಗುತ್ತಾನೆ. ದೋಸೆ ಸಿದ್ಧವಾದಾಗ ಒಳಗಿನಿಂದ ಕೂಗು ಬರುತ್ತದೆ; ಆಗ ಹೋಗಿ ತಂದುಕೊಡುತ್ತಾನೆ. ಒಬ್ಬನೇ ಇಪ್ಪತ್ತು ಮೇಜುಗಳನ್ನು ನೋಡಿಕೊಳ್ಳಬಲ್ಲ. ಆ ಕೂಗಿಗೆ ಗಣಕದವರು ‘ಇವೆಂಟ್’ ಎನ್ನುತ್ತಾರೆ, ಎಂದರೆ ಘಟನೆ. ಘಟನೆ ನಡೆದಾಗ ಮಾತ್ರ ಏಳುವುದು, ಉಳಿದ ಹೊತ್ತು ಬೇರೆಯವರ ಕೆಲಸ ನೋಡುವುದು: ಘಟನಾಧಾರಿತ ಗೇಟ್‌ವೇಯ ಮೊದಲ ಗುಣ ಇದು.

ಈ ಯೋಚನೆ ಹೊಸದೇನಲ್ಲ. ಒಂದೇ ಯಂತ್ರ ಒಮ್ಮೆಗೇ 10,000 ಗಿರಾಕಿಗಳನ್ನು ನಿಭಾಯಿಸುವುದು ಹೇಗೆಂಬ ಪ್ರಶ್ನೆಯನ್ನು ಡ್ಯಾನ್ ಕೆಗೆಲ್ ಎಂಬ ಇಂಜಿನಿಯರು 1999ರಲ್ಲಿಯೇ ಎತ್ತಿದ್ದರು. ರಷ್ಯದ ಇಗೋರ್ ಸಿಸೋಯೆವ್ 2002ರಲ್ಲಿ ಆರಂಭಿಸಿ 2004ರಲ್ಲಿ ಹೊರತಂದ ‘ಎಂಜಿನ್ಎಕ್ಸ್’ ಎಂಬ ಸರ್ವರ್ ಇದೇ ಮಾರ್ಗವನ್ನು ಹಿಡಿದು ಲೋಕಪ್ರಸಿದ್ಧವಾಯಿತು. ನೆಟ್‌ಫ್ಲಿಕ್ಸಿನವರೂ ತಮ್ಮ ಜೂಲ್ ದ್ವಾರಪಾಲಕನನ್ನು ನಿಂತು ಕಾಯದ ರೀತಿಯಲ್ಲಿ ಮತ್ತೆ ಬರೆದು, 2018ರಲ್ಲಿ ಅದರ ಎರಡನೆಯ ಅವತಾರವನ್ನು ಬಹಿರಂಗಗೊಳಿಸಿದರು.

ಇಷ್ಟನ್ನು ಕೇಳಿದ ಅತ್ತಿಗೆಯವರು ಸುಮ್ಮನಾಗಲಿಲ್ಲ. “ಮಾಣಿ ನಿಲ್ಲಲಿಲ್ಲ, ಸರಿ. ಮೇಜಿನ ಮುಂದೆ ಕುಳಿತ ನನ್ನ ಗತಿಯೇನು? ನನಗೆ ಚಕ್ರ ತಿರುಗುತ್ತಲೇ ಇರುತ್ತದಲ್ಲ!” ಎಂದರು. ಪ್ರಶ್ನೆ ಎಷ್ಟು ಸರಿಯಾಗಿತ್ತೆಂದರೆ ಹುಡುಗ ಎದ್ದು ಹೋಗಿ ಕಾಗದ ಪೆನ್ಸಿಲು ತಂದ.

ಬ್ರೌಸರಿಗೂ ಸರ್ವರಿಗೂ ನಡುವೆ ನಡೆಯುವ ಸಂಭಾಷಣೆಗೆ ಎಚ್.ಟಿ.ಟಿ.ಪಿ. ಎಂಬ ಒಂದು ಶಿಷ್ಟಾಚಾರವಿದೆ. ಅದರ ಮೂಲನಿಯಮದಂತೆ ಪ್ರಶ್ನೆ ಕೇಳುವುದು ಬ್ರೌಸರು. ಉತ್ತರ ಕೊಡುವುದು ಸರ್ವರು. ಸರ್ವರು ತಾನಾಗಿ ಬಾಯಿ ತೆರೆಯುವಂತಿಲ್ಲ. ಆ ಉತ್ತರಗಳಿಗೆ ಸಂಖ್ಯೆಗಳಿವೆ. 200 ಎಂದರೆ ‘ಆಯಿತು’. 404 ಎಂದರೆ ‘ಸಿಗಲಿಲ್ಲ’; ಇದನ್ನು ನೀವೂ ಪರದೆಯ ಮೇಲೆ ಕಂಡಿರಬಹುದು. ಇವುಗಳ ನಡುವೆ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಸಂಖ್ಯೆಯಿದೆ: 202. ‘ಸ್ವೀಕರಿಸಿದೆ’ ಎಂದು ಅದರ ಅರ್ಥ. 1996ರ ಮೇ ತಿಂಗಳಲ್ಲಿ ಪ್ರಕಟವಾದ ಎಚ್.ಟಿ.ಟಿ.ಪಿ.ಯ ನಿರೂಪಣೆಯಲ್ಲಿಯೇ ಅದು ಸೇರಿತ್ತು. ಕೋರಿಕೆಯನ್ನು ತೆಗೆದುಕೊಂಡಿದ್ದೇವೆ, ಕೆಲಸ ಇನ್ನೂ ಮುಗಿದಿಲ್ಲ, ಕೊನೆಗೆ ಆಗದೆಯೂ ಹೋಗಬಹುದು ಎಂದು ಅದರ ತಾತ್ಪರ್ಯ. ಬೇಕೆಂದೇ ಯಾವ ಭರವಸೆಯನ್ನೂ ಕೊಡದಂತೆ ಇಟ್ಟ ಉತ್ತರವದು.

ಈ ಒಂದು ಸಂಖ್ಯೆಯಲ್ಲಿ ಇಡೀ ವಿಷಯದ ತಿರುಳಿದೆ. ಕೆಲಸ ಹತ್ತು ಕಡೆ ಹಂಚಿಹೋದಾಗ ‘ತೆಗೆದುಕೊಂಡೆವು’ ಎಂಬುದೂ ‘ಮುಗಿಯಿತು’ ಎಂಬುದೂ ಬೇರೆ ಬೇರೆ ಮಾತುಗಳಾಗುತ್ತವೆ. ಮೊದಲನೆಯದನ್ನು ಕೂಡಲೇ ಹೇಳಬಹುದು; ಎರಡನೆಯದನ್ನು ಆದಾಗಲೇ ಹೇಳಬೇಕು. ಎರಡನ್ನೂ ಹೇಳದೆ ಬರಿಯ ಚಕ್ರವನ್ನು ತಿರುಗಿಸಿದ್ದೇ ಅತ್ತಿಗೆಯವರ ವಿಷಯದಲ್ಲಿ ನಡೆದ ಅಪಚಾರ.

ಆದರೆ ಮುಗಿದಾಗ ಹೇಳುವುದು ಹೇಗೆ? ಸರ್ವರು ತಾನಾಗಿ ಬಾಯಿ ತೆರೆಯುವಂತಿಲ್ಲವಲ್ಲ! ಒಂದು ಉಪಾಯವೆಂದರೆ, ಬ್ರೌಸರೇ ಎರಡೆರಡು ಸೆಕೆಂಡಿಗೊಮ್ಮೆ “ಆಯಿತೇ? ಆಯಿತೇ?” ಎಂದು ಕೇಳುತ್ತಿರುವುದು. ಪ್ರವಾಸದಲ್ಲಿ ಮಕ್ಕಳು “ಊರು ಬಂತೇ?” ಎಂದು ಪೀಡಿಸುವಂತೆ. 10,000 ಪರದೆಗಳು ಹೀಗೆ ಕೇಳಿದರೆ ಸೆಕೆಂಡಿಗೆ 5,000 ಪ್ರಶ್ನೆಗಳಾದವು; ಬಹುಪಾಲಿಗೆ ಉತ್ತರ “ಇನ್ನೂ ಇಲ್ಲ.” ಇನ್ನೊಂದು ಉಪಾಯ, ಒಮ್ಮೆ ತೆರೆದ ತಂತಿಯನ್ನು ಮುಚ್ಚದೆ ಹಿಡಿದಿಟ್ಟು, ಸುದ್ದಿ ಬಂದಾಗ ಅದರ ಮೂಲಕವೇ ಹೇಳುವುದು. ಸರ್ವರಿನಿಂದ ಬ್ರೌಸರಿನ ಕಡೆಗೆ ಮಾತ್ರ ಸುದ್ದಿ ಹರಿಸುವುದಕ್ಕೆ ‘ಸರ್ವರ್ ಸೆಂಟ್ ಇವೆಂಟ್ಸ್’ ಎಂಬ ವಿಧಾನವಿದೆ. ಎರಡು ಕಡೆಯವರೂ ಬೇಕೆಂದಾಗ ಮಾತಾಡಬಹುದಾದ ‘ವೆಬ್‌ಸಾಕೆಟ್’ ಎಂಬ ವಿಧಾನ 2011ರ ಡಿಸೆಂಬರಿನಲ್ಲಿ ಪ್ರಮಾಣಿತವಾಯಿತು.

ಇನ್ನು ಒಳಗಿನ ಮನೆಗಳ ಸುದ್ದಿ ಹೆಬ್ಬಾಗಿಲನ್ನು ಮುಟ್ಟಬೇಕು. ಇದಕ್ಕೆ ಅಂಗಡಿಯ ಕಿರ್ದಿ ಪುಸ್ತಕದಂತಹ ಒಂದು ಏರ್ಪಾಡಿದೆ. ಕಿರ್ದಿಯಲ್ಲಿ ಅಂದಂದಿನ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಾರೆ. ಹಿಂದಿನದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಬೇಕು. ಅಮೆರಿಕದ ಲಿಂಕ್ಡ್‌ಇನ್ ಸಂಸ್ಥೆಯಲ್ಲಿ ಜೇ ಕ್ರೆಪ್ಸ್, ನೇಹಾ ನಾರಖೇಡೆ, ಜುನ್ ರಾವ್ ಎಂಬವರು ರಚಿಸಿ, 2011ರಲ್ಲಿ ಬಹಿರಂಗಗೊಂಡ ‘ಕಾಫ್ಕಾ’ ಎಂಬುದು ಇಂತಹ ಮಹಾ ಕಿರ್ದಿ. ಬ್ಯಾಂಕಿನ ಸೇವೆ ಅದರಲ್ಲಿ “ಈ ಬಿಲ್ಲಿನ ಹಣ ಬಂದಿತು” ಎಂದು ಒಂದು ಸಾಲು ಬರೆಯುತ್ತದೆ. ರಸೀದಿಯ ಸೇವೆ ಅದನ್ನೋದಿ ರಸೀದಿ ಬರೆಯುತ್ತದೆ. ಲೆಕ್ಕದ ಸೇವೆ ಓದಿ ಬಾಕಿಯನ್ನು ತೆಗೆಯುತ್ತದೆ. ಒಬ್ಬೊಬ್ಬ ಓದುಗನೂ ತಾನು ಎಲ್ಲಿಯವರೆಗೆ ಓದಿದೆನೆಂದು ತನ್ನದೇ ಗುರುತನ್ನು ಇಟ್ಟುಕೊಳ್ಳುತ್ತಾನೆ. ಒಬ್ಬ ನಿಧಾನವಾದನೆಂದು ಇನ್ನೊಬ್ಬ ಕಾಯಬೇಕಾಗಿಲ್ಲ.

ಘಟನಾಧಾರಿತ ಗೇಟ್‌ವೇಯೂ ಆ ಕಿರ್ದಿಯ ಓದುಗರಲ್ಲಿ ಒಬ್ಬ. ಅದಕ್ಕೆ ಎರಡು ಮುಖಗಳು. ಒಂದು ಮುಖ ಹೊರಗಿನ ಪರದೆಗಳ ಕಡೆಗೆ; ಅಲ್ಲಿ ತೆರೆದಿಟ್ಟ ತಂತಿಗಳನ್ನೆಲ್ಲ ಹಿಡಿದುಕೊಂಡಿರುತ್ತದೆ. ಇನ್ನೊಂದು ಮುಖ ಒಳಗಿನ ಕಿರ್ದಿಯ ಕಡೆಗೆ. ನಡುವೆ ಒಂದು ರಿಜಿಸ್ಟರು: ಯಾವ ಪರದೆ ಯಾವ ಸುದ್ದಿಗಾಗಿ ಕಾದಿದೆ, ಆ ಸುದ್ದಿಯನ್ನು ನೋಡುವ ಅಧಿಕಾರ ಅದಕ್ಕಿದೆಯೇ ಎಂಬುದರ ವಿವರ. ಅಧಿಕಾರದ ಮಾತನ್ನು ಮರೆಯುವಂತಿಲ್ಲ. ಪಕ್ಕದ ಮನೆಯವರ ಬಾಕಿಯ ಸುದ್ದಿ ನಮ್ಮ ಪರದೆಗೆ ಬಂದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಕಿರ್ದಿಯಲ್ಲಿ ಹೊಸ ಸಾಲು ಬಿದ್ದೊಡನೆ ಗೇಟ್‌ವೇ ರಿಜಿಸ್ಟರನ್ನು ನೋಡಿ, ತಕ್ಕ ತಂತಿಯ ಮೂಲಕ ಸುದ್ದಿಯನ್ನು ಮುಟ್ಟಿಸುತ್ತದೆ. ಬ್ಯಾಂಕಿನ ಸೇವೆಗೆ ಅತ್ತಿಗೆಯವರ ಫೋನಿನ ಸಂಗತಿ ತಿಳಿಯದು. ಅತ್ತಿಗೆಯವರ ಫೋನಿಗೆ ಬ್ಯಾಂಕಿನ ಸೇವೆಯ ವಿಳಾಸ ತಿಳಿಯದು. ಆದರೂ “ಹಣ ಸೇರಿತು” ಎಂಬ ಮಾತು ಕೇಳದೆಯೇ ಬಂದು ಪರದೆಯ ಮೇಲೆ ನಿಲ್ಲುತ್ತದೆ.

ಹೀಗೆ ಲಕ್ಷಾಂತರ ತಂತಿಗಳನ್ನು ಹಿಡಿದು ಕೂರುವ ವಿದ್ಯೆಯನ್ನು ಗಣಕದವರು ಕಲಿತದ್ದು, ಸ್ವಲ್ಪಮಟ್ಟಿಗೆ, ದೂರವಾಣಿಯವರಿಂದ. ಸ್ವೀಡನ್ನಿನ ಎರಿಕ್‌ಸನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗೆಂದು ‘ಎರ್ಲಾಂಗ್’ ಎಂಬ ಭಾಷೆಯನ್ನು ರೂಪಿಸತೊಡಗಿದರು. ಒಬ್ಬರ ಕರೆ ಕಡಿದುಹೋದರೆ ಇಡೀ ಊರಿನ ದೂರವಾಣಿ ನಿಲ್ಲಬಾರದೆಂಬುದು ಅವರ ಲಕ್ಷ್ಯ. ಅದರಲ್ಲಿ ಪ್ರತಿಯೊಂದು ಕರೆಗೂ ತೀರ ಹಗುರವಾದ, ಉಳಿದವುಗಳಿಂದ ಬೇರೆಯಾದ ಒಂದೊಂದು ಕೆಲಸಗಾರ. ಅದೇ ಭಾಷೆಯನ್ನು ಬಳಸಿದ ವಾಟ್ಸ್‌ಆ್ಯಪ್ ಸಂಸ್ಥೆಯವರು ಒಂದೇ ಸರ್ವರಿನಲ್ಲಿ ಒಮ್ಮೆಗೇ 20 ಲಕ್ಷಕ್ಕೂ ಹೆಚ್ಚು ತಂತಿಗಳನ್ನು ಹಿಡಿದುದಾಗಿ 2012ರ ಜನವರಿಯಲ್ಲಿ ಪ್ರಕಟಿಸಿದರು. ಎರ್ಲಾಂಗಿನ ನೆಲೆಗಟ್ಟಿನ ಮೇಲೆ ಬೆಳೆದ ‘ಎಲಿಕ್ಸಿರ್’ ಭಾಷೆಯಲ್ಲಿ ಬರೆದ ಘಟನಾಧಾರಿತ ಗೇಟ್‌ವೇಯೊಂದನ್ನು ಅಕ್ಸೆಂಚರ್ ಸಂಸ್ಥೆಯವರೂ ಬಹಿರಂಗಗೊಳಿಸಿದ್ದಾರೆ.

ಇಷ್ಟಾದ ಮೇಲೆ ಎಲ್ಲ ಸುಖಾಂತವೆಂದು ವಾಚಕರು ಭಾವಿಸಬಾರದು. ತೊಡಕುಗಳು ಇನ್ನೂ ಇವೆ; ಅವುಗಳಲ್ಲಿ ಮೂರನ್ನು ಹೇಳಲೇಬೇಕು.

ಮೊದಲನೆಯದು, ತಂತಿ ಕಡಿಯುವುದು. ನಾವು ಫೋನು ಹಿಡಿದುಕೊಂಡು ಲಿಫ್ಟಿನೊಳಗೆ ಹೋಗುತ್ತೇವೆ. ರೈಲು ಸುರಂಗವನ್ನು ಹೊಗುತ್ತದೆ. ಆ ಒಂದು ನಿಮಿಷದಲ್ಲಿಯೇ “ಹಣ ಸೇರಿತು” ಎಂಬ ಸುದ್ದಿ ಬಂದು ಹೋಗಿದ್ದರೆ? ಇದಕ್ಕೆ ಪರಿಹಾರ, ಪ್ರತಿಯೊಂದು ಸುದ್ದಿಗೂ ಒಂದು ಕ್ರಮಸಂಖ್ಯೆ ಕೊಡುವುದು. ತಂತಿ ಮತ್ತೆ ಕೂಡಿದಾಗ ಬ್ರೌಸರು “ನಾನು 41ರವರೆಗೆ ಕೇಳಿದ್ದೇನೆ” ಎನ್ನುತ್ತದೆ. ಗೇಟ್‌ವೇ 42ರಿಂದ ಹೇಳತೊಡಗುತ್ತದೆ. ‘ಸರ್ವರ್ ಸೆಂಟ್ ಇವೆಂಟ್ಸ್’ ವಿಧಾನದಲ್ಲಿ ಬ್ರೌಸರು ಈ ಸಂಖ್ಯೆಯನ್ನು ತಾನಾಗಿಯೇ ಹೇಳುತ್ತದೆ. ಆದರೆ ಗೇಟ್‌ವೇಯ ಬಳಿ ಹಳೆಯ ಸುದ್ದಿಗಳು ಉಳಿದಿರಬೇಕು. ಉಳಿಸದಿದ್ದವನ ಬಳಿ ಸಂಖ್ಯೆ ಹೇಳಿ ಫಲವಿಲ್ಲ.

ಎರಡನೆಯದು, ಕ್ರಮ ತಪ್ಪುವುದು. “ಹಣ ಹಿಂದಿರುಗಿಸಿದೆ” ಎಂಬ ಸುದ್ದಿ “ಹಣ ಬಂದಿತು” ಎಂಬುದಕ್ಕಿಂತ ಮೊದಲೇ ಬಂದರೆ ಓದುವವನಿಗೆ ತಲೆತಿರುಗುತ್ತದೆ. ಕಾಫ್ಕಾದಂತಹ ದೊಡ್ಡ ಕಿರ್ದಿಯನ್ನು ಹಲವು ಸಂಪುಟಗಳಲ್ಲಿ ಏಕಕಾಲಕ್ಕೆ ಬರೆಯುತ್ತಾರೆ. ಒಂದು ಸಂಪುಟದೊಳಗೆ ಕ್ರಮ ಖಂಡಿತ. ಎರಡು ಸಂಪುಟಗಳ ನಡುವೆ ಆ ಖಾತರಿಯಿಲ್ಲ. ಆದುದರಿಂದ ಒಂದು ಬಿಲ್ಲಿಗೆ ಸಂಬಂಧಪಟ್ಟ ಸಾಲುಗಳೆಲ್ಲ ಒಂದೇ ಸಂಪುಟದಲ್ಲಿ ಬೀಳುವಂತೆ ಎಚ್ಚರ ವಹಿಸಬೇಕು.

ಮೂರನೆಯದೇ ನಮ್ಮ ಅತ್ತಿಗೆಯವರದು: ಒಂದೇ ಮಾತು ಎರಡು ಸಲ ಬರುವುದು. ಜನರು ಎರಡು ಸಲ ಒತ್ತುತ್ತಾರೆ. ಯಂತ್ರಗಳೂ, ತಾವು ಕಳಿಸಿದ ಮಾತು ಮುಟ್ಟಿತೋ ಇಲ್ಲವೋ ಎಂಬ ಸಂದೇಹದಿಂದ, ಅದನ್ನೇ ಇನ್ನೊಮ್ಮೆ ಕಳಿಸುತ್ತವೆ. ಕಳಿಸದಿದ್ದರೆ ಮಾತು ಕಳೆದುಹೋದೀತೆಂಬ ಭಯ. ಕಳಿಸಿದರೆ ಎರಡಾದೀತೆಂಬ ಭಯ. ಇದಕ್ಕೆ ಚೆಕ್ಕಿನ ಉಪಾಯವೊಂದೇ ದಾರಿ. ಒಂದು ಸಂಖ್ಯೆಯ ಚೆಕ್ಕನ್ನು ಎರಡು ಸಲ ಹಾಜರುಪಡಿಸಿದರೂ ಬ್ಯಾಂಕು ಹಣ ಕೊಡುವುದು ಒಂದೇ ಸಲ. ಹಾಗೆಯೇ ಪ್ರತಿಯೊಂದು ಕೋರಿಕೆಗೂ ಒಂದು ಸಂಖ್ಯೆಯಿದ್ದು, ಅದೇ ಸಂಖ್ಯೆ ಮತ್ತೆ ಬಂದರೆ ಸೇವೆಯು “ಇದನ್ನು ಮಾಡಿದ್ದಾಗಿದೆ” ಎಂದು ಹಳೆಯ ಉತ್ತರವನ್ನೇ ಹೇಳಬೇಕು.

“ಹಾಗಾದರೆ ನನ್ನ ವಿಷಯದಲ್ಲಿ ಆದದ್ದೇನು?” ಎಂದು ಅತ್ತಿಗೆಯವರು ಕೇಳಿದರು.

“ಪುಟವನ್ನು ಹೊಸದಾಗಿ ತೆರೆದಾಗ ಹೊಸ ಸಂಖ್ಯೆ ಹುಟ್ಟಿಸಿದ್ದಾರೆಂದು ತೋರುತ್ತದೆ, ಅಮ್ಮ. ಆ ಯಂತ್ರಕ್ಕೆ ನೀನು ಕೊಟ್ಟದ್ದು ಎರಡು ಬೇರೆ ಬೇರೆ ಚೆಕ್ಕು. ಸಂಖ್ಯೆಯನ್ನು ಶುಲ್ಕದ ಬಿಲ್ಲಿಗೆ ಕಟ್ಟಿದ್ದರೆ ನೀನು ಹತ್ತು ಸಲ ಒತ್ತಿದರೂ ಹಣ ಹೋಗುತ್ತಿದ್ದುದು ಒಂದೇ ಸಲ.”

“ನನ್ನ ತಪ್ಪಲ್ಲವಷ್ಟೆ?”

“ಅಲ್ಲವೇ ಅಲ್ಲ.”

ಇಡೀ ಮಧ್ಯಾಹ್ನದಲ್ಲಿ ಅವರ ಮುಖ ಗೆಲುವಾದದ್ದು ಆಗ. ಹತ್ತೊಂಬತ್ತು ದಿನಗಳೂ ಅವರನ್ನು ಕೊರೆದದ್ದು ಹಣದ ಚಿಂತೆಯೊಂದೇ ಅಲ್ಲ, ತನಗೆ ವಯಸ್ಸಾಯಿತೆಂಬ ಸಂಕೋಚವೂ ಹೌದೆಂದು ನನಗೆ ಅನ್ನಿಸಿತು. ಯಂತ್ರದ ಮೌನವನ್ನು ವಯಸ್ಸಾದವರು ತಮ್ಮ ಅಜ್ಞಾನವೆಂದು ತಿಳಿಯುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಇಲ್ಲಿ ಕಾನೂನಿನ ಮಾತೊಂದನ್ನೂ ತಿಳಿಸುವುದು ಉಚಿತ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಯು.ಪಿ.ಐ. ಮೂಲಕ ಒಬ್ಬರಿಗೆ ಕಳಿಸಿದ ಹಣ ನಮ್ಮ ಖಾತೆಯಿಂದ ಹೋಗಿ ಅವರಿಗೆ ಸೇರದಿದ್ದರೆ ಮರುದಿನದೊಳಗಾಗಿ ತಾನಾಗಿ ಹಿಂದಿರುಗಬೇಕು; ವ್ಯಾಪಾರಿಗೆ ಮಾಡಿದ ಪಾವತಿ ಖಚಿತವಾಗದಿದ್ದರೆ ಐದು ದಿನಗಳೊಳಗೆ. ತಪ್ಪಿದರೆ ದಿನವೊಂದಕ್ಕೆ 100 ರೂಪಾಯಿ ಪರಿಹಾರ. ಆದರೆ ಇದು ವಿಫಲವಾದ ಪಾವತಿಗೆ ಅನ್ವಯಿಸುವ ಮಾತು. ಅತ್ತಿಗೆಯವರ ಎರಡು ಪಾವತಿಗಳೂ ಸಫಲವಾಗಿದ್ದವು! ಹಣ ಎರಡು ಸಲವೂ ಸರಿಯಾಗಿಯೇ ಶಾಲೆಯನ್ನು ಸೇರಿತ್ತು. ಆದುದರಿಂದಲೇ ಅರ್ಜಿ ಬರೆದು ಕೇಳಬೇಕಾಯಿತು. ಚಕ್ರ ತಿರುಗುತ್ತಿರುವಾಗ ಮತ್ತೆ ಒತ್ತುವ ಮೊದಲು ಬ್ಯಾಂಕಿನ ಸಂದೇಶ ಬಂದಿದೆಯೇ, ಖಾತೆಯಲ್ಲಿ ಹಣ ಕಳೆದಿದೆಯೇ ಎಂದು ನೋಡುವುದು ವಿವೇಕ. ದಂಡದ ಭಯಕ್ಕಿಂತ ಎರಡನೆಯ ಪಾವತಿಯ ತೊಂದರೆ ದೊಡ್ಡದು.

ಕೊನೆಯದಾಗಿ ಇನ್ನೊಂದು ಎಚ್ಚರಿಕೆ. ಹೆಬ್ಬಾಗಿಲು, ಕಿರ್ದಿ, ಕಿರುಸೇವೆಗಳು ಇವೆಲ್ಲ ಇದ್ದರೇನೇ ಆಧುನಿಕವೆಂದು ಎಲ್ಲರೂ ಇವುಗಳ ಬೆನ್ನುಹತ್ತಬೇಕಾಗಿಲ್ಲ. ಅಮೆಜಾನ್ ಸಂಸ್ಥೆಯ ಪ್ರೈಮ್ ವಿಡಿಯೋ ವಿಭಾಗದವರು ಚಿತ್ರ ಮತ್ತು ಧ್ವನಿಯ ಗುಣವನ್ನು ಪರೀಕ್ಷಿಸುವ ತಮ್ಮ ಒಂದು ಏರ್ಪಾಡನ್ನು ಹಲವು ಭಾಗಗಳಾಗಿ ಹಂಚಿ ಕಟ್ಟಿದ್ದರು. ಅನಂತರ ಅದನ್ನು ಮತ್ತೆ ಒಂದೇ ಪ್ರೋಗ್ರಾಮಾಗಿ ಕೂಡಿಸಿ ಖರ್ಚನ್ನು ಶೇಕಡಾ 90ರಷ್ಟು ಇಳಿಸಿದುದಾಗಿ 2023ರಲ್ಲಿ ತಾವೇ ಬರೆದರು. ದಿನಕ್ಕೆ ನೂರು ಬಿಲ್ಲು ಬರೆಯುವ ಅಂಗಡಿಗೆ ಒಬ್ಬ ಗುಮಾಸ್ತ ಸಾಕು. ಅವನ ಮುಂದೆ ಹೆಬ್ಬಾಗಿಲು ಕಟ್ಟಿಸಿದರೆ ಬಾಗಿಲಿಗೇ ಬಾಡಿಗೆ ಹೆಚ್ಚು. ಸಾವಿರಾರು ಜನ ಒಮ್ಮೆಗೇ ಬರುವ ಕಡೆ, ಕೆಲಸ ಹಲವು ಕೈಗಳಲ್ಲಿ ಹಂಚಿಹೋದ ಕಡೆ, ಉತ್ತರ ತಡವಾಗುವ ಕಡೆ ಇದರ ಪ್ರಯೋಜನ ನಿಜವಾಗಿ ಕಾಣುತ್ತದೆ.

ಆದರೆ ಅಂಗಡಿ ಚಿಕ್ಕದಿರಲಿ ದೊಡ್ಡದಿರಲಿ, ‘ತೆಗೆದುಕೊಂಡೆ’, ‘ನಡೆಯುತ್ತಿದೆ’, ‘ಮುಗಿಯಿತು’, ‘ಆಗಲಿಲ್ಲ’ ಎಂಬ ನಾಲ್ಕು ಮಾತುಗಳನ್ನು ಬೇರೆ ಬೇರೆಯಾಗಿ, ಸಕಾಲದಲ್ಲಿ ಹೇಳುವ ಋಣ ಎಲ್ಲರ ಮೇಲೂ ಇದೆ. ಗೇಟ್‌ವೇ ಆ ಋಣವನ್ನು ತೀರಿಸಲು ಒಂದು ಸಾಧನ.

ಸಂಜೆ ನಾನು ಹೊರಟಾಗ ಅತ್ತಿಗೆಯವರು ಬಾಗಿಲವರೆಗೆ ಬಂದರು. “ನಿಮ್ಮ ಲೇಖನದಲ್ಲಿ ಇದನ್ನೂ ಬರೆಯಿರಿ” ಎಂದರು. “ನಾವು ರೇಷನ್ ಅಂಗಡಿಯ ಮುಂದೆ ಗಂಟೆಗಟ್ಟಲೆ ನಿಂತವರು. ಕಾಯುವುದು ನಮಗೆ ಹೊಸದಲ್ಲ. ಸರದಿಯಲ್ಲಿ ಇದ್ದೇನೋ ಇಲ್ಲವೋ ಎಂಬುದೊಂದು ಗೊತ್ತಾದರೆ ಸಾಕು.”

ಅವರ ಮಗ ಒಳಗಿನಿಂದಲೇ ಕೇಳಿಸಿಕೊಂಡಿರಬೇಕು. ಮರುವಾರ ಫೋನು ಮಾಡಿದಾಗ, ತಮ್ಮ ಆಫೀಸಿನ ಪುಟದಲ್ಲಿ ತಿರುಗುವ ಚಕ್ರವನ್ನು ತೆಗೆದುಹಾಕಿ, ಆ ಜಾಗದಲ್ಲಿ “ನಿಮ್ಮ ಕೋರಿಕೆ ನಮಗೆ ತಲುಪಿದೆ, ಮತ್ತೆ ಒತ್ತಬೇಕಾಗಿಲ್ಲ” ಎಂಬ ಸಾಲನ್ನು ಬರೆಸಿರುವುದಾಗಿ ಹೇಳಿದ.